ಲೊಕ್ಕನಹಳ್ಳಿ ದಾರಿಯ ಕಂಬಳಿ ಮುಸುಕು

“ಅಲ್ಲಿ ಬೇಡ ಸಾ, ಅದು ಕಾಡಂದಿ ಕೆದಕಿರೋ ಜಾಗ,” ಎಂದ ದಫೇದಾರ್ ಗುರುಮಲ್ಲಪ್ಪ.

ಮೈಸೂರಿನಿಂದ ಹೊಸದಾಗಿ ಬಂದಿದ್ದ ಇನ್‌ಸ್ಪೆಕ್ಟರ್ ಹನುಮಯ್ಯ, ಮುತ್ತುಗದ ಮರದ ಬುಡದಲ್ಲಿ ಕುಸಿದಿದ್ದ ಮಣ್ಣನ್ನು ಬೂಟಿನಿಂದ ಒತ್ತಿ ನೋಡಿದರು. “ಹಂದೀನೇ ಸಿಗಲಿ ಬಿಡ್ರೀ. ಅಗೆಸಿ.”

ದಫೇದಾರನ ಕೈ ತನ್ನಷ್ಟಕ್ಕೆ ಮೀಸೆಗೆ ಹೋಯಿತು. ಅದೇನು ಸಾಮಾನ್ಯ ಮೀಸೆಯಲ್ಲ. ಒಂದು ತುದಿ ಕೊಳ್ಳೇಗಾಲಕ್ಕೆ ಹೊರಟರೆ ಇನ್ನೊಂದು ಯಳಂದೂರಿಗೆ ಹೊರಡುತ್ತಿತ್ತು. ಅದನ್ನು ಕಂಡು ಬಿಳಿಗಿರಿರಂಗನ ಬೆಟ್ಟದ ಹುಲಿಯೊಂದು ದಾರಿ ಬಿಟ್ಟು ಪಕ್ಕಕ್ಕೆ ನಿಂತಿತ್ತು. ನಂಬದವರು ಹೋಗಿ ಹುಲಿಯನ್ನೇ ಕೇಳಬಹುದು. ಈ ಸೀಮೆ ಮದರಾಸಿನ ಕೈಯಲ್ಲಿದ್ದಾಗಲೂ ದಫೇದಾರ ಅವನೇ, ಮೈಸೂರಿಗೆ ಸೇರಿ ಐದು ವರ್ಷವಾದ ಮೇಲೂ ಅವನೇ. ಅವನು ಹಿಡಿದ ಕಳ್ಳರನ್ನು ಸಾಲಾಗಿ ನಿಲ್ಲಿಸಿದರೆ ಹೂಗ್ಯಂನಲ್ಲಿ ಶುರುವಾದ ಸಾಲು ಕಾವೇರಿಗೆ ಇಳಿದು ಈಜಬೇಕಾಗುತ್ತಿತ್ತು.

ಒಬ್ಬನೇ ಒಬ್ಬ ಸಿಕ್ಕಿರಲಿಲ್ಲ. ಲೊಕ್ಕನಹಳ್ಳಿ ದಾರಿಯಲ್ಲಿ ಕಂಬಳಿ ಮುಸುಕು ಹಾಕಿಕೊಂಡು ರೇಷ್ಮೆಗೂಡಿನ ವ್ಯಾಪಾರಿಗಳನ್ನು ಅಡ್ಡಗಟ್ಟುವವನು. ಎರಡು ವರ್ಷದಿಂದ ದಫೇದಾರ ಅವನ ಬೆನ್ನು ಬಿದ್ದಿದ್ದ. ಪೇದೆಗಳನ್ನು ಹಳ್ಳದ ಆಚೆ ಕಾಯಲು ನಿಲ್ಲಿಸಿದ ದಿನ ಕಳ್ಳ ಈಚೆ ಕೈ ತೋರಿಸುತ್ತಿದ್ದ. ಎರಡು ಸಲವಂತೂ ಗುರುಮಲ್ಲಪ್ಪ ಒಬ್ಬನೇ ಅವನ ಮೇಲೆ ಬಿದ್ದು ಹೊಡೆದಾಡಿದ್ದ. ಅದಕ್ಕೆ ಹರಿದ ಅಂಗಿಯೇ ಸಾಕ್ಷಿ. ಅಂಗಿ ಬಿಟ್ಟರೆ ಬೇರೆ ಸಾಕ್ಷಿ ಇರಲಿಲ್ಲ.

ಐದು ದಿನದ ಹಿಂದೆ ಗೂಡಿನ ದಲ್ಲಾಳಿ ಶಿವಮಲ್ಲಪ್ಪ ಆ ದಾರಿ ಹಿಡಿದವನು ಮನೆ ಸೇರಲಿಲ್ಲ. ರಕ್ತ ಮೆತ್ತಿದ ರುಮಾಲು ಸಿಕ್ಕಿತು, ಹೆಣ ಸಿಗಲಿಲ್ಲ. ಶಿವಮಲ್ಲಪ್ಪನೆಂದರೆ ಹೊರಗಿನವನಲ್ಲ, ದಫೇದಾರನಿಗೆ ದೂರದ ನೆಂಟ, ಮದುವೆ ಮನೆಗಳಲ್ಲಿ ಪಕ್ಕದ ಎಲೆಗೆ ಕೂತು ಉಂಡವನು. ಅಂದಿನಿಂದ ಗುರುಮಲ್ಲಪ್ಪನಿಗೆ ನಿದ್ದೆಯಿಲ್ಲ. ಲಿಂಗಪೂಜೆಗೆ ಕೂತರೆ ಎದ್ದುಬಿಡುತ್ತಿದ್ದ, ಎದ್ದರೆ ಮತ್ತೆ ಕೂರುತ್ತಿದ್ದ. ಎಪ್ಪತ್ತು ಬಾವಿಗಳಿಗೆ ಪಾತಾಳಗರಡಿ ಇಳಿಸಿ ಜಾಲಾಡಿಸಿದ. ಕಾಟ ತಡೆಯದೆ ಬಾವಿಯ ಕಪ್ಪೆಗಳೆಲ್ಲ ಊರು ಬಿಟ್ಟವು. ಕೊನೆಗೆ ಆಡು ಕಾಯುವ ಕೆಂಚಯ್ಯನನ್ನು ಹಿಡಿದು ತಂದ. ಅವನ ಕಂಬಳಿಯ ಮೇಲೆ ರಕ್ತದ ಕಲೆಯಿತ್ತು.

ಈಗ ಆ ಕೆಂಚಯ್ಯ ಕೈಕೋಳ ತೊಟ್ಟು ಬಿಸಿಲಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ.

“ಆಡು ಈದಾಗ ಆದ ಕಲೆ ಕಣ್ರಿ ಸಾ,” ಎಂದ. “ಕಂಬ್ಳಿ ಒದ್ದೋರ್ನೆಲ್ಲ ಇಡ್ಕಂಡೋದ್ರೆ ನಮ್ಮೂರ್ನಾಗೆ ಎಂಗುಸ್ರು ಮಾತ್ರ ಉಳೀತಾರೆ.”

“ಬಾಯ್ಮುಚ್ಲಾ!” ದಫೇದಾರ ಗದರಿದ. ಆಮೇಲೆ ಇನ್‌ಸ್ಪೆಕ್ಟರ ಹತ್ತಿರ ಸರಿದ. “ಇವನೇ ಸಾ. ಹೆಣ ಸಿಗದಿದ್ರೂ ಕೇಸು ನಿಲ್ತದೆ. ಸಂಜೆ ಬಸ್ಸಿಗೆ ಕೊಳ್ಳೇಗಾಲಕ್ಕೆ ಸಾಗಿಸಿಬಿಡಾಣ.”

ಆ ಬಸ್ಸು ಹತ್ತಿದರೆ ಕೆಂಚಯ್ಯನಿಗೆ ಉಳಿದಿರುವುದು ನೇಣು ಒಂದೇ. ಅದು ಅವನಿಗೂ ಗೊತ್ತಿತ್ತು, ಅವನ ಆಡುಗಳಿಗೂ ಗೊತ್ತಿತ್ತು. ಗುಡ್ಡದ ಮೇಲಿಂದ ಒಂದೇ ಸಮನೆ ಅರಚುತ್ತಿದ್ದವು.

“ಹೆಣ ನೋಡದೆ ನಾನು ಯಾರನ್ನೂ ಕಳಿಸಲ್ಲ ಕಣ್ರೀ,” ಎಂದರು ಹನುಮಯ್ಯ.

ಊರಿನಲ್ಲಿ ಹೆಣ ಹೂಳಲು ಗುಣಿ ತೋಡುವ ದೊಡ್ಡಸಿದ್ದಯ್ಯ ಹಾರೆ ಹಿಡಿದು ಬಂದ. ಕುಸಿದ ಜಾಗದ ಮೇಲೆ ಆಳುದ್ದಕ್ಕೆ ಗೆರೆ ಎಳೆದ. “ಎಲ್ಲಿಗೆ ಆಕ್ಲಿ ಸಾ?”

“ಕೊಂದವನು ಅವಸರದಲ್ಲಿ ಉದ್ದಕ್ಕೆ ಕೆಡವಿರ್ತಾನೆ. ತಲೆ, ಕಾಲು ಎರಡು ತುದೀಲಿ ಇರ್ತವೆ. ಅಲ್ಲಿ ಜೋಪಾನ. ನಡುಮಧ್ಯ ಗಟ್ಟಿಯಾಗಿ ಹಾಕು, ಮಣ್ಣು ಸಡಿಲ ಆಗ್ಲಿ,” ಎಂದರು ಹನುಮಯ್ಯ.

ದಫೇದಾರ ಹತ್ತು ಹೆಜ್ಜೆ ಆಚೆ ನಡೆದ. ಹನ್ನೊಂದು ಹೆಜ್ಜೆ ಈಚೆ ಬಂದ. ಪೇಟ ಬಿಚ್ಚಿದ, ಸುತ್ತಿದ, ಮತ್ತೆ ಬಿಚ್ಚಿದ. ಅವನ ಮೈಯಿಂದ ಇಳಿದ ಬೆವರಿಗೆ ಒಂದು ಎಕರೆ ರಾಗಿ ಬೆಳೆಯಬಹುದಿತ್ತು. ಕಣ್ಣು ಮಾತ್ರ ಗೆರೆಯ ನಡುವೆ ನೆಟ್ಟಿತ್ತು. ಕೀಳಲು ನೋಡಿದ, ಆಗಲಿಲ್ಲ.

ದೊಡ್ಡಸಿದ್ದಯ್ಯ ಅಂಗೈಗೆ ಉಗುಳಿಕೊಂಡು ಹಾರೆಯನ್ನು ತಲೆಯ ಮೇಲಕ್ಕೆ ಎತ್ತಿದ.

“ಬ್ಯಾಡ ಕಣ್ಲಾ!”

ಆ ಕೂಗಿಗೆ ಮುತ್ತುಗದ ಮರದ ಗೊರವಂಕಗಳೆಲ್ಲ ಎದ್ದು ಮದರಾಸಿನ ಗಡಿ ದಾಟಿದವು. ದಫೇದಾರ ಹಾರಿ ಬಂದು ಹಾರೆಗೆ ಜೋತುಬಿದ್ದಿದ್ದ. “ಅಲ್ಲಿ ತಲೆ ಅದೆ ಕಣ್ಲಾ! ತಲೆ ಮ್ಯಾಲೆ ಕಬ್ಬಿಣ ಆಕ್ತೀಯಾ?”

ದೊಡ್ಡಸಿದ್ದಯ್ಯ ಹಾರೆ ಕೆಳಗಿಟ್ಟು, ಮಂಡಿಯೂರಿ, ಗೆರೆಯ ನಡುಮಧ್ಯ ಕೈಯಿಂದಲೇ ಮಣ್ಣು ಬಗೆದ. ಒಂದು ಮೊಳ ಇಳಿಯುವಷ್ಟರಲ್ಲಿ ಬಿಳಿಯ ಪುಡಿ ಸಿಕ್ಕಿತು. ಅದರಡಿ ನರೆಗೂದಲು. ಇನ್ನೂ ಬಗೆದ. ತಲೆಯ ಕೆಳಗೆ ನೆಟ್ಟಗೆ ಹೆಗಲು, ಹೆಗಲ ಕೆಳಗೆ ಎದೆ, ಮಡಿಸಿದ ಮಂಡಿ. ಶಿವಮಲ್ಲಪ್ಪ ಗುಂಡಿಯೊಳಗೆ ಚಕ್ಕಳಮಕ್ಕಳ ಹಾಕಿ ಕೂತಿದ್ದ.

“ಇದೇನಯ್ಯ, ಹೀಗೆ ಕೂತಿದ್ದಾನೆ?” ಎಂದರು ಹನುಮಯ್ಯ.

“ಲಿಂಗವಂತ್ರು ಸತ್ತೋರ್ನ ಮಲಗ್ಸಕಿಲ್ಲ ಸಾ. ಇಂಗೆ ಕೂರ್ಸೇ ಮಣ್ಮಾಡೋದು.” ದೊಡ್ಡಸಿದ್ದಯ್ಯನ ದನಿ ಇಳಿಯಿತು. “ನೆತ್ತಿಗೆ ಈಬೂತಿ ಇಟ್ಟವ್ನೆ. ಅಂಗೈಗೆ ಲಿಂಗ ಕೊಟ್ಟವ್ನೆ. ಕೊಂದೋನು ಇದ್ನೆಲ್ಲ ಯಾಕ್ ಮಾಡ್ದ?”

ಇನ್‌ಸ್ಪೆಕ್ಟರು ಗುಂಡಿಯ ಕಡೆ ನೋಡುತ್ತಿರಲಿಲ್ಲ.

“ಅವನು ಮಲಗಿರ್ತಾನೆ ಅಂತ ನಾವೆಲ್ಲ ಅಂದ್ಕೊಂಡಿದ್ವಿ, ದಫೇದಾರ್ರೇ,” ಎಂದರು ನಿಧಾನವಾಗಿ. “ತಲೆ ನಡುವೆ ಇದೆ ಅಂತ ನಿಮಗೆ ಯಾರು ಹೇಳಿದ್ರು?”

ಗುರುಮಲ್ಲಪ್ಪ ಗುಂಡಿಯ ಅಂಚಿನಲ್ಲೇ ಕುಸಿದು ಕೂತ.

“ಮುಸುಕು ಜಾರ್ತು, ನನ್ ಮೊಕ ಕಂಡ್ಬುಟ್ಟ, ಕೊಂದ್ಬುಟ್ಟೆ,” ಎಂದ. “ಮಲಗ್ಸಕ್ಕೆ ಮಾತ್ರ ಕೈ ಬರ್ನಿಲ್ಲ ಸಾ.”