ಹನ್ನೆರಡನೆಯ ಅಡಿಗಲ್ಲು

ಒಂದಾನೊಂದು ಲೋಕಸಭಾ ಕ್ಷೇತ್ರದಲ್ಲಿ ಒಂದು ಹಳ್ಳ ಹರಿಯುತ್ತಿತ್ತು. ಈಚೆ ದಡದಲ್ಲಿ ಮುದುಕಿ ಬಾಳವ್ವ, ಆಚೆ ದಡದಲ್ಲಿ ಅವಳ ತುಂಬು ಬಸುರಿ ಮೊಮ್ಮಗಳು. ಗೆದ್ದು ಬಂದ ಸಂಸದರೆಲ್ಲ ಸೇತುವೆಗೆಂದು ತಮ್ಮ ಹೆಸರು ಕೊರೆದ ಅಡಿಗಲ್ಲು ನೆಟ್ಟು, ಹಾರ ಹಾಕಿಸಿಕೊಂಡು ಮಾಯವಾಗಿದ್ದರು.

ಹನ್ನೆರಡನೆಯವರೂ ತಮ್ಮ ಕಲ್ಲು ನೆಟ್ಟು ಸುತ್ತ ನೋಡಿದರು.

"ಹಿಂದಿನವ್ರ ಕಲ್ಲು ಒಂದೂ ಕಾಣವಲ್ದಲ್ಲ, ಯವ್ವಾ?"

"ಅವೆಲ್ಲ ಕೆಲಸಕ್ಕ ಹತ್ಯಾವ್ರಿ ಸಾಹೇಬ್ರ. ನಿಮ್ದೊಂದ ಕಮ್ಮಿ ಬಿದ್ದಿತ್ತು."

"ಈ ಸಲ ಸೇತುವಿ ಆಗೇ ಆಗತೈತಿ ಬಿಡು."

"ಹೌದ್ರಿ, ಸಂಜೀಕ ಆಗತೈತ್ರಿ."

ಕಾರುಗಳ ಧೂಳು ಅಡಗಿತು. ಬಾಳವ್ವ ಊರವರಿಂದ ಆ ಕಲ್ಲು ಕೀಳಿಸಿ, ನೀರಿನಲ್ಲಿ ಸಾಲಾಗಿ ಬಿದ್ದಿದ್ದ ಹನ್ನೊಂದರ ಮುಂದೆ ಹಾಕಿಸಿದಳು. ಸೀರೆ ಎತ್ತಿ ಕಟ್ಟಿ, ಮೊದಲ ಚುನಾವಣೆಯಿಂದ ಹಿಡಿದು ಒಬ್ಬೊಬ್ಬರ ಹೆಸರಿನ ಮೇಲೂ ಕಾಲಿಟ್ಟು, ಹಳ್ಳ ದಾಟಿದಳು.