ಅತ್ತಿಗಾಳಿ

ಗಲಗಲಿಯ ದಂಡೆಯಲ್ಲಿ ಹೊರಡಲಿದ್ದ ದೋಣಿಯಲ್ಲಿ ಅಜ್ಜಿ, ನಾನು ಮತ್ತು ಅಂಬಿಗರ ಯಲ್ಲಪ್ಪ ಕಾಕಾ ಇದ್ದೆವು. ದೋಣಿಗೆ ಬಳಿದ ಹಸಿ ಡಾಂಬರು ಅಂಗಾಲಿಗೆ ಅಂಟುತ್ತಿತ್ತು; ಆ ವಾಸನೆ ಬಂದರೆ ಇಂದಿಗೂ ಆ ಮಧ್ಯಾಹ್ನ ನೆನಪಾಗುತ್ತದೆ. ಆಚೆ ದಂಡೆಯಲ್ಲಿ ಅಜ್ಜಿ ಎತ್ತಿ ಬೆಳೆಸಿದ ಗಂಗಕ್ಕನ ಮದುವೆ; ಅವಳ ತಲೆಗೆ ಅಕ್ಷತೆಯ ಅಕ್ಕಿಕಾಳು ಹಾಕಲು ಅಜ್ಜಿ ಹೊರಟಿದ್ದಳು.

ಹಿನ್ನೀರಿನ ಮೇಲೆ ಹೇಳದೆ ಕೇಳದೆ ಎರಗುವ ಬಿರುಗಾಳಿಗೆ ಅಂಬಿಗರು ಅತ್ತೆಯ ಹೆಸರಿಟ್ಟು ಅತ್ತಿಗಾಳಿ ಎನ್ನುತ್ತಿದ್ದರು. ದೋಣಿಯಲ್ಲಿ ಮಾತ್ರ ಯಾರೂ ಆ ಹೆಸರೆತ್ತುವಂತಿರಲಿಲ್ಲ.

"ಅತ್ತಿಗಾಳಿ ಬರಂಗಿಲ್ಲ ಹೌದಲ್ಲೋ?" ಎಂದುಬಿಟ್ಟಳು ಅಜ್ಜಿ.

ಕಾಕಾ ಹುಟ್ಟು ಕೆಳಗಿಟ್ಟ. "ಹೆಸರು ಕರದಬಿಟ್ರಿ ಅಲ್ಲರೀ ಆಯಿ! ಇಳೀರಿ. ಇನ್ನ ಹೊತ್ತು ಇಳಿದ ಮ್ಯಾಲೇ ದೋಣಿ."

"ಹುಡುಗಿ ಅಕ್ಕಿಕಾಳು ತಪ್ಪತೈತೋ! ಎಲಿ ಸೈತ ಅಳ್ಳಾಡವಲ್ದು!"

"ಕರದ ಮ್ಯಾಲ ಅತ್ತಿ ಬರದ ಇರ್ತಾಳೇನ್ರಿ?"

ಸಂಜೆಯವರೆಗೂ ಗಾಳಿ ಬೀಸಲಿಲ್ಲ. ನಾವು ಮುಟ್ಟಿದಾಗ ಹಂದರದಲ್ಲಿ ಎಂಜಲೆಲೆ ಎತ್ತುತ್ತಿದ್ದರು. ಗಂಗಕ್ಕ ಬಂದು ತಲೆ ಬಾಗಿಸಿದಳು. ಅಜ್ಜಿ ಕಾಕಾನನ್ನು ಬೈಯುತ್ತಲೇ ಅಕ್ಕಿಕಾಳು ಹಾಕಿದಳು.