ಮೀನಿಗೆ ಬೆಳೆದ ಮೇವು

ಪಾಚಿಯ ವಾಸನೆ ಬಂದರೆ ಈಗಲೂ ನನ್ನ ಕಾಲು ತಾನಾಗಿ ನಿಲ್ಲುತ್ತದೆ.

ವಳಸಂಗದ ನಮ್ಮ ಹೊಲದಲ್ಲಿ ಕಾಕಾ ಹೊಂಡ ತೋಡಿ ಮೀನು ಸಾಕಿದ್ದ. ಅವಕ್ಕೆ ತಿನ್ನಿಸಲೆಂದು ಬೇರೊಂದು ಹೊಂಡದಲ್ಲಿ ಸಣ್ಣೆಲೆಯ ಪಾಚಿ ಬೆಳೆಸಿದ್ದ. ನೀರೇ ಕಾಣದಂತೆ ಅದು ಹುಲ್ಲುಗಾವಲಿನ ಹಾಗೆ ಹಬ್ಬಿತ್ತು.

ಆ ಮಧ್ಯಾಹ್ನ ಕುರಿ ಹೊಡೆದುಕೊಂಡು ಬಂದ ಅಜ್ಜ ನಕ್ಕ. “ಕುರಿ ಕಾಯೋ ಮನ್ಯಾಗ ಮೀನಿಗಿ ಮೇವೇನೋ? ನಾಳಿ ಅವನ್ನೂ ಹಟ್ಟಿಗಿ ಹೊಡ್ಕೊಂಡು ಬರ್ತಿಯೇನು?”

“ನಗ್ರಿ ಅಪ್ಪಾ, ನಗ್ರಿ,” ಎಂದ ಕಾಕಾ.

ಅಷ್ಟರಲ್ಲಿ ಅಜ್ಜನ ಮುದ್ದಿನ ಕುರಿಮರಿ ಆ ಹಸಿರಿನ ಮೇಲೆ ಚಂಗನೆ ಜಿಗಿಯಿತು. ಜಿಗಿದದ್ದೇ ತಡ, ಕಾಣದಾಯಿತು.

ಅಜ್ಜ ಧುಮುಕಿದ. ಎದೆಮಟ್ಟದ ನೀರಿನಲ್ಲಿ ತಡಕಾಡಿ ಎತ್ತಿ ತಂದಾಗ ಮರಿಯ ಕುತ್ತಿಗೆ ಜೋತುಬಿದ್ದಿತ್ತು.

“ಹಸರು ಕಂಡು ನೆಲಾ ಅಂತ ನಂಬಿತಲ್ಲೋ ನನ್ನ ಕೂಸು!”

ಹೊಂಡದ ಪಾಚಿ ಆಗಲೇ ಕೂಡಿಕೊಂಡು ನುಣ್ಣಗಾಗಿತ್ತು. ಮರಿಯ ಹಿಂದೆಯೇ ಓಡಿದ್ದ ನನ್ನ ಅಂಗಿಯನ್ನು ಕಾಕಾ ಇನ್ನೂ ಬಿಟ್ಟಿರಲಿಲ್ಲ.